ಮನೆಯಲ್ಲಿ ಮಾಡಿದ ಭೂತಗಳು

ಕಳೆದ ವರ್ಷ ಅಕ್ಟೋಬರ್ ಮಾಸದಲ್ಲಿ ನಾವು ಅಮೆರಿಕೆಯ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿದ್ದೆವು. ಒಂದು ಬೆಳಗ್ಗೆ ತಿರುಗಾಟಕ್ಕೆ ಹೊರಟರೆ, ನೆರೆಮನೆಯ ಅಂಗಳದಲ್ಲಿ ಗೋರಿಕಲ್ಲುಗಳು ಎದ್ದಿದ್ದುವು. ಮರದಲ್ಲೊಂದು ಅಸ್ಥಿಪಂಜರ ತೂಗುತ್ತಿದ್ದಿತು. ಅಮಂಗಳವೆಂದು ಹಿಂದಿರುಗಿದೆವು. ಮಗಳು ನಕ್ಕು, “ಹ್ಯಾಲೋವೀನ್ ಹಬ್ಬ ಬಂದಿತಪ್ಪ” ಎಂದಳು.

ಈ ಹಬ್ಬವು ಅಕ್ಟೋಬರ್ 31ರ ರಾತ್ರಿ, ಕ್ರೈಸ್ತರ ಸಕಲ ಸಂತರ ದಿನದ ಮುನ್ನಾದಿನ ಬರುವುದು. ಐರ್ಲೆಂಡ್, ಸ್ಕಾಟ್ಲೆಂಡುಗಳ ಜನರು ಹಿಂದೆ ಟರ್ನಿಪ್ ಗೆಡ್ಡೆಯನ್ನು ಕೊರೆದು, ಮುಖವನ್ನು ಕೆತ್ತಿ ಒಳಗೆ ದೀಪವಿಡುತ್ತಿದ್ದರು. ಅಂಥ ಮುಖವೊಂದರ ಪ್ರತಿಕೃತಿಯು ಐರ್ಲೆಂಡಿನ ಮೇಯೋ ಪ್ರಾಂತದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಚಿತ್ರವನ್ನು ಕಂಡವರಿಗೆ ಈಗಿನ ಕುಂಬಳಕಾಯಿಗಳು ಪರಮಸಾಧುಗಳಾಗಿ ತೋರುವುವು. 19ನೆಯ ಶತಮಾನದಲ್ಲಿ ಅಮೆರಿಕೆಗೆ ವಲಸೆಹೋದವರಿಗೆ ಅಲ್ಲಿ ಸಿಹಿಗುಂಬಳ ದೊರೆಯಿತು. ಗೆಡ್ಡೆಗಿಂತ ದೊಡ್ಡದು, ಕೊರೆಯಲೂ ಸುಲಭ.

ಎಂಟು ವರ್ಷದ ಮೊಮ್ಮಗನೇ ನಮಗೆ ಗುರುವಾದನು. ಕುಂಬಳದ ಮುಚ್ಚಳವನ್ನು ಓರೆಯಾಗಿ ಕೊಯ್ಯಬೇಕು. ನೆಟ್ಟಗೆ ಕೊಯ್ದರೆ ಒಳಕ್ಕೆ ಬೀಳುವುದು. ತಿರುಳನ್ನು ಬಳಿದುತೆಗೆದು, ಕೊಯ್ದ ಅಂಚುಗಳಿಗೆ ವ್ಯಾಸಲೀನ್ ಸವರಿದರೆ ಬೇಗ ಬಾಡದು. ಭೂತಕ್ಕೆ ಬೇಕಾದುದು ಇನ್ನೂ ಕಡಿಮೆ. ಬಾಟಲಿಯ ಮೇಲೆ ಬಲೂನನ್ನು ನಿಲ್ಲಿಸಿ, ಮೆಕ್ಕೆಜೋಳದ ಹಿಟ್ಟಿನ ಗಂಜಿಯಲ್ಲಿ ಅದ್ದಿದ ಜಾಳುಬಟ್ಟೆಯನ್ನು ಹೊದಿಸಿ ರಾತ್ರಿಯೆಲ್ಲ ಒಣಗಿಸುವುದು. ಬೆಳಗ್ಗೆ ಬಲೂನನ್ನು ಒಡೆದು ತೆಗೆದರೆ ಬಟ್ಟೆಯು ತಾನಾಗಿಯೇ ನಿಲ್ಲುವುದು. ಒಳಗೆ ಯಾರೂ ಇಲ್ಲ! ಪಂಚೆಗೆ ಗಂಜಿ ಹಾಕಿಕೊಂಡು ಬೆಳೆದ ನಮಗೆ ವಿದ್ಯೆ ಹೊಸದಲ್ಲ, ಪ್ರಯೋಜನ ಮಾತ್ರ ಹೊಸದು.

ಗೋರಿಕಲ್ಲಿನಲ್ಲಿ ನಾವು ತಪ್ಪಿದೆವು. ಥರ್ಮಕೋಲಿನ ಹಲಗೆಗೆ ಡಬ್ಬಿಯ ಬಣ್ಣವನ್ನು ಸಿಂಪಡಿಸಲು, ಅದರ ದ್ರಾವಕವು ಹಲಗೆಯನ್ನೇ ತಿಂದು ಗುಳಿಗುಳಿ ಮಾಡಿತು. ನೀರಿನಲ್ಲಿ ಕಲಸುವ ಬಣ್ಣವನ್ನೇ ಕುಂಚದಿಂದ ಬಳಿಯತಕ್ಕದ್ದು. ಹುಡುಗನು ಮಾತ್ರ, ಹಳೆಯ ಕಲ್ಲು ಹೀಗೆಯೇ ಇರುವುದೆಂದು ಕುಣಿದಾಡಿದನು.

ಭಯಾನಕ ರಸಕ್ಕೆ ಭಯವೇ ಸ್ಥಾಯಿಯೆಂದೂ, ಆ ಭಯವು ತನ್ನದಲ್ಲವೆಂಬ ಅರಿವಿರುವತನಕವೇ ಅದು ರಸವೆಂದೂ ನಾವು ಮೂವತ್ತು ವರ್ಷ ಪಾಠ ಹೇಳಿದವರು. ಆ ಕಲ್ಲಿನ ಮೇಲೆ ಏನು ಬರೆಯುವೆಯೆಂದು ಕೇಳಿದೆವು. “ಅಜ್ಜಿಯ ಹೆಸರು” ಎಂದನು. ನಮ್ಮ ಗೃಹಿಣಿಯು ತೀರಿಕೊಂಡು ಆಗ ಏಳು ತಿಂಗಳು. ಮಗಳು ಗದರಿದಳು; ನಾವು ಕುಂಚವನ್ನು ಕೆಳಗಿಟ್ಟೆವು. ಹುಡುಗನ ಕಣ್ಣು ತುಂಬಿತು. “ಆ ರಾತ್ರಿ ಸತ್ತವರು ಮನೆಗೆ ಬರುತ್ತಾರಂತೆ, ತಾತ. ಅಜ್ಜಿಗೆ ಈ ಮನೆ ಗೊತ್ತಾಗಬೇಡವೆ?” ಎಂದನು. ಅವಳು ಆ ಮನೆಯನ್ನು ನೋಡಿರಲಿಲ್ಲ.

ಕಲ್ಲು ಹೆಸರಿಲ್ಲದೆಯೇ ನಿಂತಿತು. ಕುಂಬಳಕ್ಕೆ ಕೋರೆಹಲ್ಲು ಬೇಡ, ಅಜ್ಜಿ ಹೆದರುವಳೆಂದು ಹುಡುಗನು ಹಠ ಹಿಡಿಯಲು, ನಗುವ ಬಾಯನ್ನೇ ಕೊರೆದೆವು. ಒಳಗಿಟ್ಟುದು ಬ್ಯಾಟರಿಯ ದೀಪ. ಜೋಲುವ ವೇಷಗಳನ್ನು ತೊಟ್ಟ ಮಕ್ಕಳು ಮಿಠಾಯಿಗಾಗಿ ಬಾಗಿಲಿಗೆ ಬರುವಾಗ ಮೆಟ್ಟಿಲ ಮೇಲೆ ಬೆಂಕಿಯಿಡುವುದು ಸಲ್ಲದು. ಒಂಬತ್ತು ಗಂಟೆಗೆ ಬಾಗಿಲು ಹಾಕಿ ದೀಪವನ್ನು ಆರಿಸಹೋದೆವು. ಹುಡುಗನು ಬೇಡವೆಂದನು. ಅದು ಬೆಳಗಿನವರೆಗೂ ಉರಿಯಿತು.