ಇಂಗ್ಲೆಂಡಿನ ವ್ಯಾಯಾಮ ಶಿಕ್ಷಣದಲ್ಲಿ ಸ್ತ್ರೀಯರ ಸ್ಥಾನ

ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳಲ್ಲಿ ಇಂದು ಕ್ರೀಡಾವಿಜ್ಞಾನದ ತರಗತಿಗಳಿಗೆ ಸೇರುವವರಲ್ಲಿ ಪುರುಷರೇ ಬಹುಸಂಖ್ಯಾತರು. ಈ ಶಾಸ್ತ್ರದಲ್ಲಿ ಸ್ತ್ರೀಯರಿಗೆ ಸ್ವಭಾವತಃ ಆಸಕ್ತಿ ಕಡಮೆಯೆಂದು ಇದಕ್ಕೆ ಕಾರಣ ಹೇಳುವವರುಂಟು. ಆ ದೇಶದ ವ್ಯಾಯಾಮ ಶಿಕ್ಷಣದ ಚರಿತ್ರೆಯನ್ನು ಅವಲೋಕಿಸಿದರೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ಇದನ್ನೊಂದು ವಿದ್ಯಾವಂತರ ವೃತ್ತಿಯಾಗಿ ಕಟ್ಟಿದವರೇ ಸ್ತ್ರೀಯರು.

ಸ್ವೀಡನ್ನಿನ ಮಾರ್ಟಿನಾ ಬರ್ಗ್‌ಮನ್ ಅವರು ಪೆರ್ ಹೆನ್ರಿಕ್ ಲಿಂಗ್ ರೂಪಿಸಿದ ಅಂಗಸಾಧನೆಯ ಪದ್ಧತಿಯನ್ನು ಸ್ಟಾಕ್‌ಹೋಮಿನಲ್ಲಿ ಕಲಿತು, 1881ರಲ್ಲಿ ಲಂಡನ್ನಿನ ಶಾಲಾ ಮಂಡಲಿಯ ಸೇವೆಗೆ ಬಂದರು. 1885ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಸ್ತ್ರೀಯರಿಗಾಗಿಯೇ ಒಂದು ಕಾಲೇಜನ್ನು ತೆರೆದು, 1895ರಲ್ಲಿ ಅದನ್ನು ಡಾರ್ಟ್‌ಫರ್ಡ್‌ಗೆ ಸಾಗಿಸಿದರು. ಅಲ್ಲಿಯ ವಿದ್ಯಾರ್ಥಿನಿಯರು ವ್ಯಾಯಾಮ, ಆಟಗಳೊಡನೆ ಅಂಗರಚನಾಶಾಸ್ತ್ರವನ್ನೂ ಶರೀರಕ್ರಿಯಾಶಾಸ್ತ್ರವನ್ನೂ ಆರೋಗ್ಯಶಾಸ್ತ್ರವನ್ನೂ ಓದಬೇಕಾಗಿತ್ತು. ವಿಜ್ಞಾನಕ್ಕೆ ಅವರು ಹಿಂಜರಿದಂತೆ ಕಾಣುವುದಿಲ್ಲ. ರೋಡಾ ಆನ್‌ಸ್ಟಿ 1897ರಲ್ಲಿಯೂ, ಮಾರ್ಗರೆಟ್ ಸ್ಟಾನ್ಸ್‌ಫೀಲ್ಡ್ 1903ರಲ್ಲಿ ಬೆಡ್‌ಫರ್ಡ್‌ನಲ್ಲಿಯೂ ತಮ್ಮವೇ ಆದ ಕಾಲೇಜುಗಳನ್ನು ಸ್ಥಾಪಿಸಿದರು. ಬಾಲಿಕಾ ಪ್ರೌಢಶಾಲೆಗಳು ಹೆಚ್ಚಿದಂತೆಲ್ಲ ಈ ಅಧ್ಯಾಪಿಕೆಯರಿಗೆ ಬೇಡಿಕೆಯೂ ಹೆಚ್ಚಿತು.

ಹುಡುಗರ ಶಾಲೆಗಳ ಸ್ಥಿತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಸೈನ್ಯದಿಂದ ಬಿಡುಗಡೆಯಾಗಿ ಬಂದವರು ಕವಾಯತು ಮಾಡಿಸುತ್ತಿದ್ದರು. ಗಟ್ಟಿ ಕಂಠವೇ ಅರ್ಹತೆಯಾಗಿದ್ದಿತೆಂದರೂ ತಪ್ಪಾಗದು. ಪುರುಷರಿಗೆ ಈ ಬಗೆಯ ಕಾಲೇಜು ಲೀಡ್ಸ್‌ನಲ್ಲಿ ಕಾರ್ನೆಗಿಯ ಹೆಸರಿನಲ್ಲಿ ಪ್ರಾರಂಭವಾದುದು 1933ರಲ್ಲಿ, ಅಂದರೆ ಹ್ಯಾಂಪ್‌ಸ್ಟೆಡ್ ಕಾಲೇಜಿಗೆ 48 ವರ್ಷಗಳ ತರುವಾಯ. 1946ರಲ್ಲಿ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾನಿಲಯವು ಈ ವಿಷಯಕ್ಕೆ ಪದವಿಯ ವ್ಯಾಸಂಗದಲ್ಲಿ ಸ್ಥಾನ ಕೊಟ್ಟಿತು.

ಹಾಗಾದರೆ ತಕ್ಕಡಿ ಯಾವಾಗ ವಾಲಿತು? 1970ರ ದಶಕವನ್ನು ನಾವು ಇಲ್ಲಿ ಮುಖ್ಯವೆಂದು ಎಣಿಸುತ್ತೇವೆ. ಜನನ ಸಂಖ್ಯೆ ಇಳಿದು ಶಿಕ್ಷಕರ ಅಗತ್ಯ ಕುಗ್ಗಿದುದರಿಂದ ಸರ್ಕಾರವು ಶಿಕ್ಷಣ ಕಾಲೇಜುಗಳನ್ನು ಮುಚ್ಚಿತು, ಇಲ್ಲವೆ ದೊಡ್ಡ ಸಂಸ್ಥೆಗಳಲ್ಲಿ ವಿಲೀನಗೊಳಿಸಿತು. ಡಾರ್ಟ್‌ಫರ್ಡ್ ಕಾಲೇಜು 1976ರಲ್ಲಿ ಥೇಮ್ಸ್ ಪಾಲಿಟೆಕ್ನಿಕ್‌ನಲ್ಲಿ ಸೇರಿಹೋಯಿತು. ಸ್ತ್ರೀಯರು ಪ್ರಾಂಶುಪಾಲರಾಗಿ ನಡೆಸುತ್ತಿದ್ದ ಸಂಸ್ಥೆಗಳು ಹೀಗೆ ಒಂದೊಂದಾಗಿ ಸ್ವಂತ ಅಸ್ತಿತ್ವವನ್ನು ಕಳೆದುಕೊಂಡವು. ಅದೇ ಕಾಲದಲ್ಲಿ, 1975ರಲ್ಲಿ, ಲಿವರ್‌ಪೂಲ್ ಪಾಲಿಟೆಕ್ನಿಕ್‌ನಲ್ಲಿ ಕ್ರೀಡಾವಿಜ್ಞಾನವೆಂಬ ಹೊಸ ಪದವಿ ಮೊದಲಾಯಿತು. ಹಳೆಯ ವ್ಯಾಸಂಗದ ಗುರಿ ಮಕ್ಕಳ ಶರೀರಪೋಷಣೆ. ಹೊಸದರ ಗಮನ ಹೆಚ್ಚಾಗಿ ಸ್ಪರ್ಧಾಳುವಿನ ಸಾಮರ್ಥ್ಯದ ಮೇಲೆ. ಮೊದಲನೆಯದರ ಕೊನೆಯಲ್ಲಿ ತರುಣಿಯರಿಗೆ ಬಾಲಿಕಾ ಶಾಲೆಯ ಖಚಿತವಾದ ಹುದ್ದೆಯಿತ್ತು. ಎರಡನೆಯದು ತೋರಿದ ವೃತ್ತಿಕ್ಷೇತ್ರವಾದರೋ ಪುರುಷರ ಕ್ರೀಡೆಗಳೇ ಹಣವನ್ನೂ ಹೆಸರನ್ನೂ ಗಳಿಸುತ್ತಿದ್ದ ಕ್ಷೇತ್ರ. ಕಾನೂನಿನ ಮಟ್ಟಿಗೆ ಯಾವ ಬಾಗಿಲೂ ಮುಚ್ಚಲಿಲ್ಲ. ಲಿಂಗಭೇದವನ್ನು ನಿಷೇಧಿಸುವ ಶಾಸನವು ಅದೇ 1975ರಲ್ಲಿ ಅಂಗೀಕಾರವಾಗಿತ್ತು.