ಶೂಬರ್ಟ್ ಕೈಯಿಂದ ಜಾರಿದ ಗಿಟಾರ್

1918ನೇ ಇಸವಿ. ಆಸ್ಟ್ರಿಯಾದ ಝೆಲ್ ಆಮ್ ಝೇ ಎಂಬ ಊರು. ಅಲ್ಲಿನ ಒಂದು ಮನೆಯ ಅಟ್ಟದಲ್ಲಿ ಹಳೇ ಸಂಗೀತದ ಹಾಳೆಗಳು ಸಿಗುತ್ತವೆ. ಅಕ್ಷರ ಯಾರದೆಂದು ನೋಡಿದರೆ, ಅಬ್ಬಾ, ಹೆಸರಾಂತ ಸಂಗೀತ ರಚನೆಕಾರ ಫ್ರಾನ್ಸ್ ಶೂಬರ್ಟನದು! 1814ರಲ್ಲಿ, ಹದಿನೇಳರ ಹರೆಯದಲ್ಲಿ ಬರೆದದ್ದು. ಕೊಳಲು, ವಯೋಲಾ, ಚೆಲ್ಲೊ, ಜೊತೆಗೆ ಗಿಟಾರ್!

1926ರಲ್ಲಿ ಅದು ಶೂಬರ್ಟನ ಹೆಸರಲ್ಲೇ ಅಚ್ಚಾಯಿತು. ಗಿಟಾರ್ ಪ್ರಿಯರ ಸಂಭ್ರಮ ಕೇಳಬೇಕೆ? ದೊಡ್ಡವರ ಪಂಕ್ತಿಯಲ್ಲಿ ಎಲೆಯೇ ಸಿಗದೆ ಬಾಗಿಲಲ್ಲಿ ನಿಂತಿದ್ದ ವಾದ್ಯವನ್ನು ಶೂಬರ್ಟನೇ ಕೈಹಿಡಿದು ಕೂರಿಸಿದಂತಾಯಿತು.

ಕೆಲವೇ ವರ್ಷ. 1930ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ಗಿಟಾರ್ ವಾದಕ ಥೋರ್ವಾಲ್ಡ್ ರಿಷೆಲ್ ಎಂಬವನ ಕೈಗೆ ಒಂದು ಹಳೇ ಮುದ್ರಣ ಸಿಕ್ಕಿತು. ವಿಯೆನ್ನಾದ ಅರ್ತಾರಿಯಾ ಪ್ರಕಾಶನ 1807ರಲ್ಲಿ ಹೊರತಂದ ‘ನಾಟ್ಟುರ್ನೊ’. ರಚಿಸಿದವನು ವೆನ್ಝೆಲ್ ಮಾಟಿಯೆಗ್ಕಾ ಎಂಬ ಗಿಟಾರ್ ವಾದಕ. ಕೊಳಲು, ವಯೋಲಾ, ಗಿಟಾರ್, ಮೂರೇ ವಾದ್ಯ. ಸ್ವರಗಳನ್ನು ಹೋಲಿಸಿ ನೋಡಿದರೆ ಅದೇ ಕೃತಿ! ಹುಡುಗ ಶೂಬರ್ಟ್ ಮಾಡಿದ್ದಿಷ್ಟೆ: ಇನ್ನೊಬ್ಬರ ರಚನೆಗೆ ಚೆಲ್ಲೊ ಸೇರಿಸಿದ್ದ, ನಡುವೆ ತನ್ನದೊಂದು ಚಿಕ್ಕ ಭಾಗ ಹೆಣೆದಿದ್ದ.

ಗಿಟಾರ್ ಶೂಬರ್ಟನನ್ನು ಕಳಕೊಂಡಿತು ಎಂದು ಕೊರಗುವವರಿದ್ದಾರೆ. ನನಗಂತೂ ಲಾಭವೇ ಕಾಣುತ್ತದೆ. ಮಾಟಿಯೆಗ್ಕಾ ಎಂಬೊಬ್ಬ ಇದ್ದ, ಅವನ ಕೃತಿ ಅಂಗಡಿಯಲ್ಲಿ ಮಾರಾಟಕ್ಕಿತ್ತು, ಶೂಬರ್ಟನಂಥವನೂ ಅದನ್ನು ಮುಂದಿಟ್ಟುಕೊಂಡು ಕೂತ ಎಂಬುದು ಗೊತ್ತಾದದ್ದು ಆ ಒಂದು ಮುದ್ರಣದಿಂದ!

ರಿಷೆಲ್‌ನ ಸಂಗ್ರಹ ಈಗ ಕೋಪನ್‌ಹೇಗನ್ನಿನ ರಾಯಲ್ ಲೈಬ್ರರಿಯಲ್ಲಿದೆ. ಅದರ ಹಾಳೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಒಂದನ್ನು ತೆರೆಯಿರಿ. ಸುರುಳಿ ಸುರುಳಿ ಅಕ್ಷರದ ಮುಖಪುಟ. ಯಾರೋ ಕೌಂಟೆಸ್‌ಗೆ ಅರ್ಪಣೆ. ಬೆಲೆಯೂ ಇದೆ. ಇಸವಿ? ಅದೇ ಇರುವುದಿಲ್ಲ! ಆಗ ಕಣ್ಣು ಪುಟದ ತಳಕ್ಕಿಳಿಯಬೇಕು. ಅಲ್ಲೊಂದು ಪುಟ್ಟ ಅಂಕಿ: ಸ್ವರಗಳನ್ನು ಕೆತ್ತಿದ ಲೋಹದ ತಗಡಿಗೆ ಪ್ರಕಾಶಕ ಕೊಟ್ಟ ಸಂಖ್ಯೆ. ಅದೇ ಪ್ರಕಾಶಕನ, ತಾರೀಖು ಗೊತ್ತಿರುವ ಇತರ ಪ್ರಕಟಣೆಗಳ ಸಾಲಲ್ಲಿ ಆ ಅಂಕಿಯನ್ನು ಕೂರಿಸಿದರೆ ಇಸವಿ ಹೆಚ್ಚುಕಡಿಮೆ ಕೈಗೆ ಸಿಗುತ್ತದೆ. ಪತ್ತೇದಾರಿ ಕೆಲಸವೆಂದರೆ ಇದು!

ಇನ್ನು ಸ್ಟಾಕ್‌ಹೋಮಿಗೆ ಬನ್ನಿ. ಕಾರ್ಲ್ ಓಸ್ಕರ್ ಬೋಯ್ಯೆ ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದವನು. ಹುಚ್ಚು ಮಾತ್ರ ಗಿಟಾರಿನದು. 1923ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನು ಕೂಡಿಹಾಕಿದ್ದ ಸಂಗೀತದ ಹಾಳೆಗಳ ರಾಶಿ ಇವತ್ತು ಗಿಟಾರ್ ಚರಿತ್ರೆಯ ಕಣಜ. ಅದರೊಳಗೆ ಯೋಹಾನ್ ಕಾಸ್ಪರ್ ಮೆರ್ಟ್ಸ್‌ನ ಹಸ್ತಪ್ರತಿಗಳಿವೆ. 1856ರಲ್ಲಿ ಬ್ರಸೆಲ್ಸಿನಲ್ಲಿ ರಷ್ಯಾದ ಶ್ರೀಮಂತ ಮಕಾರೊವ್ ಗಿಟಾರ್ ರಚನೆಗಳ ಸ್ಪರ್ಧೆ ನಡೆಸಿದ. ಮೊದಲ ಬಹುಮಾನ ಮೆರ್ಟ್ಸ್‌ಗೆ. ತೀರ್ಪು ಬರುವಷ್ಟರಲ್ಲಿ ಆ ಪುಣ್ಯಾತ್ಮನೇ ಇರಲಿಲ್ಲ.

ಹಳೇ ಹಾಳೆಗಳಲ್ಲಿ ಸಿಗುವುದು ಗಿಟಾರಿನ ಕಥೆಯೊಂದೇ ಅಲ್ಲ. ಮ್ಯಾಂಡೊಲಿನ್ ಅಂದರೆ ನಮಗೆ ಥಟ್ಟನೆ ನೆನಪಾಗುವುದು ಯು. ಶ್ರೀನಿವಾಸ್. ಅಮೆರಿಕದಲ್ಲಿ ಅದರ ಗೀಳು ಹತ್ತಿದ ಕಥೆ ಇನ್ನೂ ಮಜವಾಗಿದೆ. 1880ರಲ್ಲಿ ‘ಎಸ್ತುದಿಯಾಂತಿನಾ ಫಿಗಾರೊ’ ಎಂಬ ಸ್ಪೇನಿನ ತಂಡ ನ್ಯೂಯಾರ್ಕಿಗೆ ಬಂದು ಜನರನ್ನು ಮರುಳುಮಾಡಿತು. ಅವರು ನುಡಿಸಿದ್ದು ಮ್ಯಾಂಡೊಲಿನ್ ಅಲ್ಲ, ಬಂದುರ್ರಿಯಾ ಎಂಬ ಸ್ಪೇನಿನ ತಂತಿವಾದ್ಯ. ಅಲ್ಲೇ ಇದ್ದ ಇಟಲಿಯ ಕಾರ್ಲೊ ಕುರ್ತಿ ಬಿಡುತ್ತಾನೆಯೇ? ತನ್ನ ಜನರನ್ನು ಸೇರಿಸಿ, ಕೈಗೆ ಮ್ಯಾಂಡೊಲಿನ್ ಕೊಟ್ಟು, ಅಂಥದೇ ಸ್ಪ್ಯಾನಿಷ್ ತಂಡವೊಂದನ್ನು ಕಟ್ಟಿಬಿಟ್ಟ! ನಕಲಿನ ಬೆನ್ನಿಗೇ ಊರೂರಲ್ಲಿ ಮ್ಯಾಂಡೊಲಿನ್ ಕೂಟಗಳು ಹುಟ್ಟಿದವು.

ಮ್ಯಾಂಡೊಲಿನ್, ಗಿಟಾರ್, ಬ್ಯಾಂಜೊಗಳಿಗೆಂದೇ ಪತ್ರಿಕೆಗಳೂ ಬಂದವು. 1894ರಲ್ಲಿ ‘ದಿ ಕೆಡೆನ್ಝಾ’, 1908ರಲ್ಲಿ ಬಾಸ್ಟನ್ನಿನಿಂದ ‘ದಿ ಕ್ರೆಸೆಂಡೊ’. ಇವಕ್ಕೂ ಮೊದಲು, 1882ರಿಂದಲೇ, ಫಿಲಡೆಲ್ಫಿಯಾದ ಎಸ್. ಎಸ್. ಸ್ಟುವರ್ಟನ ಬ್ಯಾಂಜೊ ಮತ್ತು ಗಿಟಾರ್ ಜರ್ನಲ್. ಈತ ಬ್ಯಾಂಜೊ ತಯಾರಿಸಿ ಮಾರುವವನು. ಪತ್ರಿಕೆ ನಡೆಸಿದ್ದೂ ತನ್ನ ಮಾಲು ಖರ್ಚಾಗಲಿ ಎಂದೇ. ನುಡಿಸಲು ಸ್ವರಲಿಪಿ, ಕಲಿಯುವವರಿಗೆ ಪಾಠ, ಕಛೇರಿಗಳ ಸುದ್ದಿ, ನಡುನಡುವೆ ಎದುರಾಳಿ ವ್ಯಾಪಾರಿಗಳಿಗೆ ಮಂಗಳಾರತಿ! ಯಾವ ಊರಲ್ಲಿ ಯಾರು ಏನು ನುಡಿಸಿದರು ಎಂದು ಹುಡುಕುವ ಸಂಶೋಧಕರು ಇವತ್ತು ಈ ಪುಟಗಳಿಗೇ ಮುಗಿಬೀಳುತ್ತಾರೆ. ನಾನೂ ಅದಕ್ಕೇ ತೆರೆಯುತ್ತೇನೆ ಎಂದರೆ ಸುಳ್ಳಾದೀತು. ಮುಂದಿನ ಸಂಚಿಕೆಯಲ್ಲಿ ಸ್ಟುವರ್ಟ್ ಯಾರನ್ನು ಬೈದಿದ್ದಾನೋ, ನೋಡಬೇಕು.