ಗಲ್ಲಕ್ಕೆ ಬೆರಳು ತಾಗಿಸಿದರೆ ನೆಟ್ಟಗಾಗುವ ಕುತ್ತಿಗೆ

ಕೆಲವರ ತಲೆ ತಾನಾಗಿಯೇ ಒಂದು ಬದಿಗೆ ತಿರುಗುತ್ತದೆ, ಭುಜದ ಕಡೆಗೆ ವಾಲುತ್ತದೆ ಅಥವಾ ಹಿಂದಕ್ಕೆ ಸೆಳೆಯುತ್ತದೆ. ನೇರವಾಗಿ ಹಿಡಿಯಲು ಹೋದರೆ ಅದುರುತ್ತದೆ, ನೋವಾಗುತ್ತದೆ. ಆದರೆ ಗಲ್ಲಕ್ಕೆ ಒಂದು ಬೆರಳು ತಾಗಿಸಿಕೊಂಡ ಕೂಡಲೇ ತಲೆ ನೆಟ್ಟಗಾಗುತ್ತದೆ. ಬೆರಳು ತಾಗಿಸಿದರೆ ಸರಿಯಾಗುವುದಾದರೆ ಅದು ಕಾಯಿಲೆಯೇ ಅಲ್ಲ, ಬರೀ ನಾಟಕ ಎಂದು ಮನೆಯವರೇ ಹೇಳಿಬಿಡುವುದುಂಟು. ನರರೋಗ ತಜ್ಞರಿಗಾದರೋ ಈ ಸ್ಪರ್ಶವೇ ಕಾಯಿಲೆಯನ್ನು ಗುರುತಿಸಲು ಸಿಗುವ ಒಳ್ಳೆಯ ಸುಳಿವು.

ಇದರ ಹೆಸರು ಸರ್ವೈಕಲ್ ಡಿಸ್ಟೋನಿಯಾ. ಮೆದುಳಿನಿಂದ ಕುತ್ತಿಗೆಯ ಸ್ನಾಯುಗಳಿಗೆ ಹೋಗುವ ಆಜ್ಞೆಗಳು ಏರುಪೇರಾಗಿ, ಬೇಡದ ಸ್ನಾಯುಗಳು ಬಿಗಿಯುತ್ತವೆ. ಹೆಚ್ಚಾಗಿ ನಡುವಯಸ್ಸಿನಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಜಾಸ್ತಿ ಕಾಣಿಸಿಕೊಳ್ಳುತ್ತದೆ. ನಿದ್ದೆ, ಮಲಗಿದ ವೇಳೆ ಕಡಿಮೆಯಾಗಿ, ನಡೆಯುವಾಗ ಅಥವಾ ನಾಲ್ಕು ಜನರೆದುರು ನಿಂತಾಗ ಹೆಚ್ಚುವುದರಿಂದ ಸಂಶಯ ಇನ್ನೂ ಬಲವಾಗುತ್ತದೆ.

ಸ್ಪರ್ಶದ ಉಪಾಯಗಳನ್ನು ರೋಗಿಗಳಿಗೆ ಯಾರೂ ಕಲಿಸಿರುವುದಿಲ್ಲ, ಅವರೇ ಕಂಡುಕೊಂಡಿರುತ್ತಾರೆ. ಒಬ್ಬರು ಕೆನ್ನೆ ಮುಟ್ಟುತ್ತಾರೆ, ಇನ್ನೊಬ್ಬರು ತಲೆಯ ಹಿಂಬದಿಗೆ ಅಂಗೈ ಇಡುತ್ತಾರೆ. ಕೆಲವರು ಕತ್ತಿಗೆ ಶಾಲು ಸುತ್ತಿಕೊಳ್ಳುತ್ತಾರೆ, ಎತ್ತರದ ಬೆನ್ನಿನ ಕುರ್ಚಿಗೋ ಗೋಡೆಗೋ ತಲೆ ತಾಗಿಸಿ ಕೂರುತ್ತಾರೆ. ತಲೆಯನ್ನು ದೂಡುವ ಅಗತ್ಯವೇ ಇಲ್ಲ, ಹಗುರವಾದ ಸ್ಪರ್ಶ ಸಾಕು. ಕೆಲವರಿಗೆ ಕೈ ಕೆನ್ನೆ ತಲುಪುವ ಮೊದಲೇ, ಇನ್ನು ಕೆಲವರಿಗೆ ಮುಟ್ಟಿದಂತೆ ಮನಸ್ಸಿನಲ್ಲಿ ಊಹಿಸಿಕೊಂಡರೂ ಸೆಳೆತ ಸಡಿಲವಾಗುತ್ತದೆ!

ಈ ವಿಚಿತ್ರವೇ ಹಿಂದೆ ವೈದ್ಯರ ದಾರಿ ತಪ್ಪಿಸಿತು. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ಎಡ್ವರ್ಡ್ ಬ್ರಿಸ್ಸೋ, ಬಳಿಕ 1902ರ ತಮ್ಮ ಪುಸ್ತಕದಲ್ಲಿ ಮೇಜ್ ಮತ್ತು ಫೈಂಡೆಲ್ ಇದನ್ನು ಚೆನ್ನಾಗಿ ಗಮನಿಸಿ ಬರೆದರು. ಆದರೆ ಇಷ್ಟು ಸಣ್ಣ ಸ್ಪರ್ಶಕ್ಕೆ ನಿಲ್ಲುವುದಾದರೆ ದೋಷ ಮನಸ್ಸಿನದ್ದೇ ಎಂದು ತೀರ್ಮಾನಿಸಿದರು. ಆ ಅಭಿಪ್ರಾಯ ಹಲವು ದಶಕ ಉಳಿಯಿತು. 1970ರ ದಶಕದಲ್ಲಿ ಬ್ರಿಟನ್ನಿನ ಡೇವಿಡ್ ಮಾರ್ಸ್‌ಡೆನ್ ಮುಂತಾದವರು ಇದು ಮೆದುಳಿನ ಕಾಯಿಲೆಯೆಂದು ವಾದಿಸಿದ ಮೇಲೆ ನೋಟ ಬದಲಾಯಿತು. ಉಪಾಯ ಮಾಡುವಾಗ ಸ್ನಾಯುಗಳ ವಿದ್ಯುತ್ ಚಟುವಟಿಕೆ ಇಳಿಯುವುದನ್ನು ಈಗ ಯಂತ್ರದಲ್ಲೇ ನೋಡಬಹುದು. ತಲೆ ಎಲ್ಲಿದೆ ಎಂಬ ಮೆದುಳಿನ ಲೆಕ್ಕ ತಪ್ಪಿರುವಾಗ, ಚರ್ಮದಿಂದ ಬರುವ ಹೊಸ ಸುದ್ದಿ ಅದನ್ನು ಸ್ವಲ್ಪ ಹೊತ್ತು ಸರಿಪಡಿಸುತ್ತದೆ ಎಂಬುದು ತಜ್ಞರ ವಿವರಣೆ.

ಸ್ವಲ್ಪ ಹೊತ್ತು ಮಾತ್ರ. ತಲೆ ಪೂರ್ತಿ ತಿರುಗಿದ ಮೇಲೆ ಉಪಾಯದ ಬಲ ಕುಂದುತ್ತದೆ, ವರ್ಷಗಳು ಕಳೆದಂತೆ ಕೆಲವರಲ್ಲಿ ಫಲವೇ ಕಡಿಮೆಯಾಗುತ್ತದೆ. ಮುಖ್ಯ ಚಿಕಿತ್ಸೆ ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್. ಇದು ಬಿಗಿಯುವ ಸ್ನಾಯುಗಳನ್ನು ಸಡಿಲಿಸುತ್ತದೆ, ಸುಮಾರು ಮೂರು ತಿಂಗಳಿಗೊಮ್ಮೆ ಮತ್ತೆ ತೆಗೆದುಕೊಳ್ಳಬೇಕು. ಅದಕ್ಕೆ ಬಗ್ಗದಿದ್ದರೆ ಮೆದುಳಿನಲ್ಲಿ ಎಲೆಕ್ಟ್ರೋಡ್ ಇಡುವ ಶಸ್ತ್ರಚಿಕಿತ್ಸೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ಕಾಯಿಲೆಗಳ ತಜ್ಞರಿದ್ದಾರೆ. ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ಲಟಕ್ಕೆನಿಸುವುದು ಮಾತ್ರ ಬೇಡವೇ ಬೇಡ, ಮೆದುಳಿಗೆ ಹೋಗುವ ರಕ್ತನಾಳಕ್ಕೇ ಪೆಟ್ಟಾಗಬಹುದು. ವಾಂತಿಯ ಅಥವಾ ಮಾನಸಿಕ ಕಾಯಿಲೆಯ ಹೊಸ ಮಾತ್ರೆ ಆರಂಭಿಸಿದ ಬೆನ್ನಿಗೇ ಕುತ್ತಿಗೆ ತಿರುಚಿಕೊಂಡರೆ ಅದು ಔಷಧದ ಪರಿಣಾಮವಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ವಾಳೆಯ ಗುರಿಕಾರರು, ರೋಗಿಗಳ ಭೇಟಿಗೆ ಹೋಗುವವರು ಗಮನಿಸಬಹುದಾದದ್ದು ಇಷ್ಟು. ಬಲಿಪೂಜೆಯ ವೇಳೆ ಕೈಮುಗಿಯದೆ ಕೆನ್ನೆಗೆ ಕೈಕೊಟ್ಟು ಕೂತವರು ಬೇಸರದಿಂದ ಕೂತಿದ್ದಾರೆ ಎಂದುಕೊಳ್ಳಬೇಡಿ. ಫೋಟೋ ತೆಗೆಯುವಾಗ ಕೈ ತೆಗೆಯಿರಿ ಎನ್ನಬೇಡಿ. ಅವರ ತಲೆಯನ್ನು ಹಿಡಿದು ನೇರ ಮಾಡಲೂ ಹೋಗಬೇಡಿ. ತಲೆ ಬಲಕ್ಕೆ ತಿರುಗುವವರು ಇಗರ್ಜಿಯ ಎಡಬದಿಯ ಬೆಂಚಿನಲ್ಲಿ ಕೂತರೆ ಬಲಿಪೀಠ ಅವರ ಬಲಕ್ಕೇ ಸಿಗುತ್ತದೆ, ಎಡಕ್ಕೆ ತಿರುಗುವವರಿಗೆ ಬಲಬದಿಯ ಬೆಂಚು ಅನುಕೂಲ.